ಯಾರ ಎಡ ಎಂದು ಕೇಳಿದ ಮೇಸ್ತ್ರಿ

ನಿವೃತ್ತಳಾದಾಗ ನನಗೆ ಮೂವತ್ತೈದು ವರ್ಷ. ಕಾಗದದಲ್ಲಿ ಸ್ವಯಂ ನಿವೃತ್ತಿ ಎಂದು ಬರೆದಿತ್ತು. ಅದರಲ್ಲಿ ನಾನು ಸ್ವಯಂ ಆಗಿ ಮಾಡಿದ್ದು ರುಜು ಒಂದೇ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಟ್ರೇಸರ್ ಆಗಿದ್ದೆ. ವರ್ಷಕ್ಕೊಂದರಂತೆ ಹದಿನಾಲ್ಕು ಡೈರಿಗಳಿವೆ. ಅವುಗಳ ಲೆಕ್ಕದಂತೆ ನಾನು ಟ್ರೇಸ್ ಮಾಡಿದ್ದು ಆರು ಸಾವಿರದ ನೂರ ಎಂಬತ್ತೇಳು ಹಾಳೆ.

ಈಗ ಡ್ರಾಯಿಂಗ್ ಆಫೀಸಿಗೆ ಸೇರುವ ಹುಡುಗ ಹುಡುಗಿಯರಿಗೆ ಟ್ರೇಸರ್ ಎಂದರೆ ಯಾರೆಂದು ಹೇಳಬೇಕಾಗುತ್ತದೆ. ಎಂಜಿನಿಯರ್ ಪೆನ್ಸಿಲಿನಲ್ಲಿ ಬರೆದ ಚಿತ್ರದ ಮೇಲೆ, ಇಲ್ಲವೇ ಗಿರಾಕಿ ಕಳಿಸಿದ ಡ್ರಾಯಿಂಗಿನ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ಗೆರೆ ಎಳೆಯುವವರು ನಾವು. ಆ ಹಾಳೆಯಿಂದ ಅಮೋನಿಯಾ ಯಂತ್ರದಲ್ಲಿ ಪ್ರಿಂಟ್ ತೆಗೆದು ಕೆಳಗಿನ ಶಾಪಿಗೆ, ಅಂದರೆ ಕೆಲಸದ ಶೆಡ್ಡಿಗೆ, ಕೊಡುತ್ತಿದ್ದರು. ಆ ವಾಸನೆಗೆ ಮೊದಲ ತಿಂಗಳು ಕಣ್ಣಲ್ಲಿ ನೀರು ಬರುತ್ತಿತ್ತು. ಎರಡನೇ ತಿಂಗಳಿಂದ ಮನೆಯ ಊಟಕ್ಕೆ ವಾಸನೆ ಇಲ್ಲ ಅನ್ನಿಸತೊಡಗಿತು. ಬೇಸಿಗೆಯಲ್ಲಿ ಮಣಿಕಟ್ಟಿನ ಬೆವರು ಹಾಳೆಗೆ ತಾಗಿದರೆ ಕಾಗದ ಅಲೆಯಾಗುತ್ತದೆ. ಅದಕ್ಕೆ ಕೈಯಡಿ ಕರವಸ್ತ್ರ. ಶಾಯಿ ಹರಡದಿರಲು ಮುಖಕ್ಕೆ ಹಚ್ಚುವ ಪೌಡರನ್ನೇ ಹಾಳೆಗೆ ಉಜ್ಜುತ್ತಿದ್ದೆವು. ತಪ್ಪಿದರೆ ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುವುದು. ಒಂದೇ ಜಾಗವನ್ನು ಎರಡು ಸಲ ಕೆರೆಯಬಹುದು, ಮೂರನೇ ಸಲಕ್ಕೆ ಹಾಳೆ ತೂತು.

ಡೈರಿಯಲ್ಲಿ ದಿನಕ್ಕೊಂದು ಸಾಲು: ತಾರೀಖು, ಹಾಳೆಗಳ ಸಂಖ್ಯೆ, ಕೊನೆಯಲ್ಲಿ 'ತಪ್ಪು' ಎಂಬ ಕಲಂ. ಮೊದಲ ವರ್ಷ ಆ ಕಲಮಿನಲ್ಲಿ ಹತ್ತೊಂಬತ್ತು ನಮೂದುಗಳಿವೆ. ಅವುಗಳಲ್ಲಿ ಒಂದನ್ನು ಹೇಳುತ್ತೇನೆ. ಎಂಟು ಮಿಲಿಮೀಟರಿನ ತೂತಿಗೆ ನಾನು ಬರೆದ ಎಂಟು ಮೂರರ ಹಾಗೆ ಕಂಡಿತ್ತು. ಪ್ರಿಂಟ್ ಕೆಳಗೆ ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಪ್ಯಾಟ್ರನ್ ಶಾಪಿನ ಆರ್ಮುಗಂ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದರು.

"ಶೈಲಮ್ಮ, ಈ ತೂತಲ್ಲಿ ಬೋಲ್ಟ್ ಹಾಕ್ಬೇಕಾ, ದಾರ ಪೋಣಿಸ್ಬೇಕಾ?"

ನಾನು ನೋಡಿ ನಾಲಿಗೆ ಕಚ್ಚಿಕೊಂಡೆ. ಅವರು ಯಾರಿಗೂ ಹೇಳಲಿಲ್ಲ. ಬ್ಲೇಡು ತಗೊಳ್ಳಮ್ಮ ಎಂದು ತಾವೇ ತೆಗೆದು ನನ್ನ ಕೈಗೆ ಕೊಟ್ಟು, ಕೆರೆದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದರು.

ಆರ್ಮುಗಂ ಮೇಸ್ತ್ರಿ ಭದ್ರಾವತಿಯ ದೊಡ್ಡ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದ ಮೇಲೆ ನಮ್ಮಲ್ಲಿ ಸೇರಿದವರು. ನ್ಯೂ ಟೌನ್‌ನಲ್ಲಿ ಮಗನ ಕ್ವಾರ್ಟರ್ಸಿನಲ್ಲಿ ಇದ್ದರು. ಪ್ಯಾಟ್ರನ್ ಎಂದರೆ, ಕಬ್ಬಿಣದಲ್ಲಿ ಏನು ಎರಕವಾಗಬೇಕೋ ಅದರ ಮರದ ಮಾದರಿ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು. ಅಚ್ಚಿಗೆ ಕಾದ ಲೋಹ ಸುರಿದರೆ ವಸ್ತು. ಮರ ತಪ್ಪಿದರೆ ಕಬ್ಬಿಣವೂ ತಪ್ಪುತ್ತದೆ. ಅವರ ಎಡಗಣ್ಣಿಗೆ ಪೊರೆ ಬರುತ್ತಿತ್ತು. ಸಾಗುವಾನಿಯ ತುಂಡನ್ನು ಬಲಗಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಸವರಿ ಅರ್ಧ ಮಿಲಿಮೀಟರ್ ಹೆಚ್ಚು ಕಮ್ಮಿ ಹೇಳುತ್ತಿದ್ದರು.

ನಮ್ಮ ಮ್ಯಾನೇಜರ್ ಷಡಕ್ಷರಪ್ಪ ಆಯನೂರು ಕಡೆಯವರು. ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ಮರಳಿನ ಅಚ್ಚು ಮಾಡುವ ಮೌಲ್ಡರುಗಳ ಮಕ್ಕಳ ಶಾಲೆಯ ಅರ್ಜಿಗಳನ್ನು ತಾವೇ ತುಂಬಿ ಕೊಡುತ್ತಿದ್ದರು. ಆದರೆ ಆರ್ಡರ್ ಎಂಬ ಪದ ಕಿವಿಗೆ ಬಿದ್ದರೆ ಬೇರೆ ಮನುಷ್ಯನಾಗುತ್ತಿದ್ದರು.

ತೊಂಬತ್ತರ ದಶಕದ ನಡುವೆ ಬೆಂಗಳೂರಿನ ಏಜೆಂಟ್ ಒಬ್ಬರ ಮೂಲಕ ಜಪಾನಿನ ಕೆಲಸ ಬಂತು. ಅಲ್ಲಿ ಒಂದು ಸಣ್ಣ ಐಷಾರಾಮಿ ಸೆಡಾನ್ ಕಾರಿನ ಹೊಸ ತಲೆಮಾರು ತಯಾರಾಗುತ್ತಿತ್ತು. ಕಾರಿನ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ, ಕಾಗದಗಳಲ್ಲೆಲ್ಲ ಒಂದು ಸಂಕೇತ ಸಂಖ್ಯೆ ಇತ್ತು. ಆ ಸಂಖ್ಯೆ ಬಾಯಿಗೆ ಹಿಡಿಯದೆ ಶಾಪಿನವರು ಕಾರಿಗೆ 'ಅಳಿಯ' ಎಂದು ಹೆಸರಿಟ್ಟರು. ಷಡಕ್ಷರಪ್ಪನವರು ಗೋಡೆಗೆ ಸುಣ್ಣ ಹೊಡೆಸಿದರು, ಕ್ಯಾಂಟೀನಿಗೆ ಹೊಸ ಲೋಟ ತಂದರು, ಮರಳಿನ ರಾಶಿಗೆ ಕಟ್ಟೆ ಕಟ್ಟಿಸಿದರು.

"ಮಗಳ ಮದುವೆಗೂ ಸಾಹೇಬ್ರು ಇಷ್ಟು ಸುಣ್ಣ ಹೊಡೆಸಿಲ್ಲ ಮಾರಾಯ," ಎಂದು ಮೌಲ್ಡರುಗಳು ನಗುತ್ತಿದ್ದರು. "ಅಳಿಯಂದ್ರು ಎಲ್ಲೀತನಕ ಬಂದ್ರು?" ಎಂದರೆ ಡ್ರಾಯಿಂಗ್ ಎಷ್ಟನೇ ತಿದ್ದುಪಡಿಯಲ್ಲಿದೆ ಎಂದು ಅರ್ಥ.

ನಮ್ಮ ಪಾಲಿಗೆ ಬಂದದ್ದು ಎಂಜಿನ್ನನ್ನು ಹಿಡಿದುಕೊಳ್ಳುವ ಒಂದು ಬ್ರಾಕೆಟ್, ಎರಡು ಅಂಗೈ ಅಗಲದ್ದು. ಅದಕ್ಕೇಕೆ ಅಷ್ಟು ತಿದ್ದುಪಡಿ ಎಂಬುದು ನನಗೆ ತಿಳಿದದ್ದು ಮೊರಿ ಎಂಬ ಜಪಾನಿ ಎಂಜಿನಿಯರ್ ಮೊದಲ ಸಲ ಬಂದಾಗ. ಅವರ ದೇಶದಲ್ಲಿ ಕಾರಿನ ಅಗಲ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ದಾಟಿದರೆ ಬೇರೆ ವರ್ಗ, ಹೆಚ್ಚು ತೆರಿಗೆ. ಹೊರಗೆ ಸಣ್ಣ ಕಾರಿನ ಅಳತೆ ಮೀರಬಾರದು, ಒಳಗೆ ದೊಡ್ಡ ಕಾರಿನ ಸುಖ ಕಮ್ಮಿಯಾಗಬಾರದು. ಮೊರಿಯವರು ಕ್ಯಾಂಟೀನಿನ ಊಟದ ತಟ್ಟೆ ತರಿಸಿ, ಅನ್ನದ ಗುಣಿ ತೋರಿಸಿ ಇದು ಕೂರುವ ಜಾಗ ಎಂದರು; ಪಲ್ಯದ ಗುಣಿ ತೋರಿಸಿ ಇದು ಎಂಜಿನ್ ಎಂದರು. ಒಳಗೆ ಕೂತವರ ಮೊಣಕಾಲಿಗೆ ಒಂದು ಬೆರಳಷ್ಟು ಜಾಗ ಹೆಚ್ಚಿಸಬೇಕೆಂದು ಅಲ್ಲಿ ಯಾರೋ ಹೇಳಿದರೆ ಎಂಜಿನ್ ಜರುಗುತ್ತದೆ, ನಮ್ಮ ಬ್ರಾಕೆಟ್ಟಿನ ಕಿವಿ ಬಾಗುತ್ತದೆ, ಮಾಚೇನಹಳ್ಳಿಯಲ್ಲಿ ನಾನು ಬ್ಲೇಡು ಹಿಡಿಯುತ್ತೇನೆ. ಕಾರು ನಿಂತಾಗ ಎಂಜಿನ್ನಿನ ನಡುಕ ಸ್ಟೀರಿಂಗಿಗೆ ಬರಬಾರದು ಎಂಬುದು ಅವರ ದೊಡ್ಡ ಚಿಂತೆ. ಕೆಳಗಿನ ಶಾಪಿನಲ್ಲಿ ನಮ್ಮ ಹಳೆಯ ಎರಕವೊಂದನ್ನು ಸುತ್ತಿಗೆಯಿಂದ ತಟ್ಟಿ ಕಣ್ಣು ಮುಚ್ಚಿ ಕೇಳಿದರು. ಆರ್ಮುಗಂ ಮೇಸ್ತ್ರಿ ಸುತ್ತಿಗೆ ಇಸಿದುಕೊಂಡು ತಾವೂ ತಟ್ಟಿ ತಲೆಯಾಡಿಸಿದರು. ಭಾಷೆ ಇಲ್ಲದೆ ಇಬ್ಬರೂ ಒಂದು ಗಳಿಗೆ ಅದನ್ನೇ ಮಾಡುತ್ತ ನಿಂತಿದ್ದರು.

ಮೊದಲ ಎರಡು ತಿದ್ದುಪಡಿ ಬರೀ ಕಾಗದದ ಮೇಲೆ. ಮೂರನೆಯದಕ್ಕೆ ಪ್ಯಾಟ್ರನ್ ಮಾಡಿ ನಾಲ್ಕು ಮಾದರಿ ಎರಕ ಹುಯ್ದು ತೋರಿಸಬೇಕೆಂದು ಪತ್ರ ಬಂತು. ಮೂಲ ಡ್ರಾಯಿಂಗ್ ಜಪಾನಿ ಅಕ್ಷರಗಳಲ್ಲಿತ್ತು. ಅದನ್ನು ನಮ್ಮ ಕಾರ್ಖಾನೆಯ ಹಾಳೆಗೆ ಇಳಿಸಿ, ನಮ್ಮ ನಂಬರ್ ಹಾಕಿ ಶಾಪಿಗೆ ಕೊಡುವುದು ನಿಯಮ. ಜೂನ್ ಹನ್ನೊಂದರಂದು ಇಳಿಸಿದೆ. ಒಂದು ಹಾಳೆ, ಆರೂವರೆ ಗಂಟೆ, ತಪ್ಪು ಸೊನ್ನೆ. ಆ ಹೊತ್ತಿಗೆ ಹದಿನಾಲ್ಕು ತಿಂಗಳಿಂದ ಆ ಕಲಮಿನಲ್ಲಿ ಸೊನ್ನೆಯೇ ಇತ್ತು.

ಮಾರನೇ ದಿನ ಮೇಸ್ತ್ರಿ ಪ್ರಿಂಟ್ ಹಿಡಿದುಕೊಂಡು ಮೇಲೆ ಬಂದರು.

"ಶೈಲಮ್ಮ, ಎಡಗಡೆ ಬ್ರಾಕೆಟ್ ಅಂತ ಬರ್ದಿದೀಯ. ಯಾರ ಎಡ? ಗಾಡಿ ಹೊಡೆಯೋನ ಎಡನಾ, ಎದುರಿಗೆ ಬರೋನ ಎಡನಾ?"

ನಾನು ಷಡಕ್ಷರಪ್ಪನವರ ಮೇಜಿನ ಕಡೆ ನೋಡಿದೆ. ಅವರು ಫೋನಿನಲ್ಲಿದ್ದರು. ಒಂದು ಕೈಯಿಂದ ರಿಸೀವರ್ ಮುಚ್ಚಿ, "ಮೇಸ್ತ್ರಿ, ಹಾಳೇಲಿ ಹೆಂಗಿದೆಯೋ ಹಂಗೆ ಮಾಡಿ. ಅಳಿಯನ ಎಡ ಬಲ ತಗೊಂಡು ನಿಮಗೇನಾಗ್ಬೇಕು," ಎಂದರು.

"ಹಾಳೆ ನೋಡ್ಕೊಂಡು ಮಾಡಿ ಮೇಸ್ತ್ರಿ, ಸರಿಯಾಗೇ ಇದೆ," ಎಂದು ನಾನೂ ಸೇರಿಸಿದೆ.

ಹದಿನೇಳು ದಿನಕ್ಕೆ ಪ್ಯಾಟ್ರನ್ ಆಯಿತು. ಅಂಥ ಕೆಲಸವನ್ನು ನಾನು ಆಮೇಲೆ ನೋಡಿಲ್ಲ. ಎರಕ ಹುಯ್ದು, ಉಜ್ಜಿ, ನಾಲ್ಕನ್ನೂ ಬಿಳಿ ಬಟ್ಟೆಯ ಮೇಲೆ ಇಟ್ಟರು. ಮೊರಿಯವರು ಎರಡನೇ ಸಲ ಬಂದರು. ತಾಳೆ ನೋಡಲೆಂದು ಉಕ್ಕಿನ ಚೌಕಟ್ಟೊಂದನ್ನು ತಂದಿದ್ದರು. ಬ್ರಾಕೆಟ್ ಅದರಲ್ಲಿ ಸರಿಯಾಗಿ ಕೂರಬೇಕು. ಕೂರಲಿಲ್ಲ. ತಿರುಗಿಸಿದರು, ಮಗುಚಿದರು, ಎರಡನೆಯದನ್ನು ತೆಗೆದುಕೊಂಡರು. ಆಮೇಲೆ ಚೀಲದಿಂದ ಒಂದು ಚಿಕ್ಕ ಕನ್ನಡಿ ತೆಗೆದು ಬ್ರಾಕೆಟ್ಟಿನ ಪಕ್ಕ ಹಿಡಿದರು. ಕನ್ನಡಿಯೊಳಗೆ ಕಂಡ ಪ್ರತಿಬಿಂಬದ ಕಡೆ ಬೆರಳು ತೋರಿಸಿ, ಇದು ಬೇಕಾಗಿತ್ತು ಎಂಬಂತೆ ತಲೆ ಬಾಗಿಸಿದರು. ಅವರಿಗೂ ಬೇಜಾರಾಗಿತ್ತು. ಎಲ್ಲ ಅಳತೆಯೂ ಸರಿ, ಎಡಬಲ ಮಾತ್ರ ಅದಲುಬದಲಾಗಿತ್ತು.

ಷಡಕ್ಷರಪ್ಪನವರ ಮುಖ ಕಪ್ಪಿಟ್ಟಿತು.

"ಆರ್ಮುಗಂ, ಕಣ್ಣಿನ ಆಪರೇಷನ್ ಮಾಡಿಸ್ಕೊಳಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

"ಹಾಳೇಲಿ ಹಿಂಗೇ ಇದೆ ಸಾರ್."

"ಹಾಳೆ ಜಪಾನಿಂದ ಬಂದಿದ್ದು. ಅವ್ರು ತಪ್ಪು ಬರೀತಾರಾ?"

ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಹಾಳೆಯನ್ನು ಬಲಗಣ್ಣಿನ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು. ಮೌಲ್ಡರುಗಳೆಲ್ಲ ನೋಡುತ್ತಿದ್ದರು. ಕೊನೆಗೆ ಹಾಳೆ ಕೆಳಗಿಳಿಸಿ ಮೆಲ್ಲಗೆ ಹೇಳಿದರು:

"ಇರ್ಬೋದು ಸಾರ್. ಎಡಗಣ್ಣು ಮಂಜು."

ಅಂದೇ ಅವರನ್ನು ಮನೆಗೆ ಕಳಿಸಿದರು. ನಾನು ಮೇಲೆ ಹೋಗಿ ಮೂಲ ಡ್ರಾಯಿಂಗನ್ನೂ ನನ್ನ ಟ್ರೇಸಿಂಗನ್ನೂ ಅಕ್ಕಪಕ್ಕ ಹಾಸಿದೆ. ಒಂದೊಂದೇ ಗೆರೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಆಮೇಲೆ ಕೆಳಗಿನ ಬಲ ಮೂಲೆ ನೋಡಿದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ನಿಧಾನವಾಗಿ ಓದಬೇಕು. ಒಂದು ವಸ್ತುವನ್ನು ಬಲಗಡೆಯಿಂದ ನೋಡಿದರೆ ಕಾಣುವ ಚಿತ್ರವನ್ನು ಹಾಳೆಯ ಎಡಕ್ಕೆ ಬರೆಯುವುದು ಆಗ ನಮ್ಮಲ್ಲಿದ್ದ ಪದ್ಧತಿ. ಬಲದಿಂದ ಕಂಡದ್ದನ್ನು ಬಲಕ್ಕೇ ಬರೆಯುವುದು ಜಪಾನಿನವರ ಪದ್ಧತಿ. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಗುರುತು ಇರುತ್ತದೆ: ತುದಿ ಕತ್ತರಿಸಿದ ಶಂಕು, ಅದರ ಪಕ್ಕ ಎರಡು ವೃತ್ತ. ವೃತ್ತಗಳು ಯಾವ ಪಕ್ಕದಲ್ಲಿವೆ ಎನ್ನುವುದರಲ್ಲಿ ಎಲ್ಲವೂ ಇದೆ. ನಮ್ಮ ಕಾರ್ಖಾನೆಯ ಖಾಲಿ ಹಾಳೆಗಳನ್ನು ಶಿವಮೊಗ್ಗದ ಪ್ರೆಸ್ಸಿನಲ್ಲಿ ಸಾವಿರಗಟ್ಟಲೆ ಮುದ್ರಿಸುತ್ತಿದ್ದರು. ಕಾರ್ಖಾನೆಯ ಹೆಸರು, ರುಜುವಿನ ಚೌಕಗಳು, ಜೊತೆಗೆ ನಮ್ಮ ಪದ್ಧತಿಯ ಗುರುತು, ಎಲ್ಲವೂ ಮೊದಲೇ ಅಚ್ಚಾಗಿರುತ್ತಿತ್ತು. ನಾನು ಜಪಾನಿನ ಪದ್ಧತಿಯ ಚಿತ್ರವನ್ನು ನಮ್ಮ ಗುರುತಿನ ಹಾಳೆಗೆ ಇಳಿಸಿದ್ದೆ. ಚಿತ್ರ ಒಂದು ಮಾತು ಹೇಳುತ್ತಿತ್ತು, ಮೂಲೆ ಇನ್ನೊಂದು. ಮೇಸ್ತ್ರಿ ನನ್ನ ಹಾಳೆಯನ್ನು ಅದು ಹೇಗೆ ಓದಿ ಎನ್ನುತ್ತಿತ್ತೋ ಹಾಗೆಯೇ ಓದಿದ್ದರು.

ಬೆಳಿಗ್ಗೆ ಎರಡೂ ಹಾಳೆ ಹಿಡಿದುಕೊಂಡು ಷಡಕ್ಷರಪ್ಪನವರ ಮುಂದೆ ನಿಂತೆ. ಅವರು ನೋಡಿದರು.

"ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸಾರ್."

"ಕೂತ್ಕೊ. ನಿನ್ನೆನೇ ಏಜೆಂಟಿಗೆ ಬರೆದಾಯ್ತು, ಪ್ಯಾಟ್ರನ್ ಮಾಡೋನ ತಪ್ಪು, ಅವನನ್ನ ತೆಗೆದಿದೀವಿ ಅಂತ. ತಪ್ಪು ಒಬ್ಬ ಮನುಷ್ಯಂದಾದ್ರೆ ಮನುಷ್ಯನ್ನ ಬದಲಾಯಿಸ್ಬೋದು ಶೈಲಾ. ಆಫೀಸಿನ ಹಾಳೆನೇ ತಪ್ಪು ಅಂದ್ರೆ ಅವ್ರು ಕಾರ್ಖಾನೆನೇ ಬದಲಾಯಿಸ್ತಾರೆ. ಕೆಳಗೆ ಅರವತ್ತು ಜನ ಇದಾರೆ."

"ಮೇಸ್ತ್ರಿ?"

"ಅವರಿಗೆ ಪೆನ್ಷನ್ ಬರತ್ತೆ, ಮಗ ಇದಾನೆ. ನಿಂಗೇನು ಬರತ್ತೆ ಹೇಳು."

ಆ ದಿನ ಸರಿಯಾದ ಗುರುತು ಹಾಕಿ ಹೊಸ ಹಾಳೆ ಇಳಿಸಿದೆ. ಹಳೆಯದನ್ನು ರದ್ದು ಎಂದು ರಿಜಿಸ್ಟರಿನಲ್ಲಿ ಬರೆದು, ಕಾರಣದ ಜಾಗದಲ್ಲಿ 'ಹಾಳೆ ಹರಿದಿದೆ' ಎಂದು ಬರೆದು ರುಜು ಮಾಡಿದೆ. ಡೈರಿಯ ತಪ್ಪಿನ ಕಲಮಿನಲ್ಲಿ ಸೊನ್ನೆ ಹಾಕಿದೆ.

ಭಾನುವಾರ ಬಸ್ಸು ಹತ್ತಿ ನ್ಯೂ ಟೌನಿಗೆ ಹೋದೆ. ಮೇಸ್ತ್ರಿಯ ಹೆಂಡತಿ ಕನಕಮ್ಮ ಬಾಗಿಲು ತೆಗೆದರು.

"ಬಾಮ್ಮ. ನೀನಾದ್ರೂ ಬುದ್ಧಿ ಹೇಳು ಇವ್ರಿಗೆ. ನಾಕು ದಿನದಿಂದ ಉಪ್ಪಿನ ಡಬ್ಬಿ ಎಡಕ್ಕಿದೆಯಾ ಬಲಕ್ಕಿದೆಯಾ ಅಂತ ನನ್ನ ಕೇಳ್ತಾರೆ. ಬೀದೀಲಿ ಒಬ್ರೇ ಹೋಗಕ್ಕೆ ಹೆದರ್ತಾರೆ."

ನಾನು ಹಳೆಯ ಹಾಳೆಯ ಪ್ರಿಂಟನ್ನೂ ಹೊಸದರ ಪ್ರಿಂಟನ್ನೂ ಮೇಸ್ತ್ರಿಯ ಮಂಚದ ಮೇಲೆ ಹಾಸಿ ಮೂಲೆಯ ಗುರುತು ತೋರಿಸಿದೆ. ಮೇಸ್ತ್ರಿ ಬೆರಳಿಟ್ಟು ಒಂದನ್ನು ಓದಿದರು, ಇನ್ನೊಂದನ್ನು ಓದಿದರು. ಮತ್ತೆ ಮೊದಲಿನದಕ್ಕೆ ಬಂದರು.

"ಹಂಗಾದ್ರೆ ನಾನು ಸರಿಯಾಗೇ ಓದಿದೀನಿ."

"ಹೌದು ಮೇಸ್ತ್ರಿ. ತಪ್ಪು ನಂದು."

"ಕನಕಾ, ಇಲ್ಲಿ ಬಾ. ನಾನು ಸರಿಯಾಗೇ ಓದಿದೀನಂತೆ."

ಕನಕಮ್ಮ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ನೋಡಿದರು. ಕಾಫಿ ತಂದಿಟ್ಟರು. ಮೇಸ್ತ್ರಿ ನನ್ನನ್ನು ಬೈಯಲಿಲ್ಲ, ಕೆಲಸ ವಾಪಸ್ ಕೊಡಿಸು ಎಂದೂ ಕೇಳಲಿಲ್ಲ. ಗುರುವಾರ ಅವರು ಅಲ್ಲೇ ಪಕ್ಕದ ಇನ್ನೊಂದು ಶಾಪಿಗೆ ಕೆಲಸ ಕೇಳಲು ಹೋಗಿದ್ದರಂತೆ. "ಉಲ್ಟಾ ಮೇಸ್ತ್ರಿ ಬಂದ್ರು ನೋಡ್ರೋ" ಎಂದು ಒಬ್ಬ ಕೂಗಿದನಂತೆ. ಉಳಿದವರು ನಕ್ಕರಂತೆ.

"ಕೆಲ್ಸ ಹಾಳಾಗ್ಲಿ ತಾಯಿ. ಒಂದು ಕೆಲ್ಸ ಮಾಡು. ಶನಿವಾರ ಮೊದಲ್ನೇ ಪಾಳಿ ಬಿಡೋ ಹೊತ್ತಿಗೆ ನಾನು ಗೇಟ್ ಹತ್ರ ನಿಂತಿರ್ತೀನಿ. ನೀನು ಕೆಳಗೆ ಬಂದು ಹುಡುಗ್ರ ಮುಂದೆ 'ಮೇಸ್ತ್ರಿ ಸರಿಯಾಗಿ ಓದಿದ್ರು' ಅನ್ನು. ಮೂರೇ ಮಾತು. ಆಮೇಲೆ ನಾನು ಬಸ್ ಹತ್ತಿ ಮನೆಗೆ ಬರ್ತೀನಿ."

"ಬರ್ತೀನಿ ಮೇಸ್ತ್ರಿ," ಎಂದೆ.

ಶನಿವಾರ ಡ್ರಾಯಿಂಗ್ ಆಫೀಸಿನ ಕಿಟಕಿಯಿಂದ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಆಚೆ ನಿಂತಿದ್ದರು. ಒಳಗೆ ಬೆಂಗಳೂರಿನ ಏಜೆಂಟಿನ ಕಡೆಯವನು ಷಡಕ್ಷರಪ್ಪನವರ ಎದುರು ಕೂತಿದ್ದ. ಷಡಕ್ಷರಪ್ಪನವರೂ ಎದ್ದು ಬಂದು ಕಿಟಕಿಯಿಂದ ನೋಡಿದರು. "ಇವತ್ತು ಕೆಳಗೆ ಹೋದ್ರೆ ಸೋಮವಾರ ಮೇಲೆ ಬರ್ಬೇಡ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಸೈರನ್ ಕೂಗಿತು. ಮೌಲ್ಡರುಗಳು ಹೊರಗೆ ಹೋದರು. ಒಂದಿಬ್ಬರು ಮೇಸ್ತ್ರಿಯ ಹೆಗಲು ತಟ್ಟಿದರು, ಒಬ್ಬ ಏನೋ ಹೇಳಿ ಕೈಯನ್ನು ಮಗುಚಿ ತೋರಿಸಿ ನಕ್ಕ. ಮೇಸ್ತ್ರಿ ಮೆಟ್ಟಿಲ ಕಡೆಯೇ ನೋಡುತ್ತಿದ್ದರು. ಗೇಟು ಹಾಕಿದ ಮೇಲೂ ಇಪ್ಪತ್ತು ನಿಮಿಷ ನಿಂತಿದ್ದರು.

ಮನೆಯಲ್ಲಿ ನನ್ನ ಸಂಬಳ ಒಂದೇ ಇತ್ತು, ಅದಕ್ಕೆ ಹೋಗಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಸೊನ್ನೆಗಳ ಸಾಲು ಕೆಡುವುದು ನನಗೆ ಬೇಕಿರಲಿಲ್ಲ. ಶೈಲಾ ಇಳಿಸಿದ ಹಾಳೆಯನ್ನು ಪರೀಕ್ಷಿಸುವ ಅಗತ್ಯವಿಲ್ಲ ಎನ್ನುತ್ತಿದ್ದ ಶಾಪಿನವರ ಮುಂದೆ, ಮೆಟ್ಟಿಲಿಳಿದು, ಇದೆ ಎನ್ನಬೇಕಾಗಿತ್ತು. ಆ ಮೂರು ಮಾತು ಹೇಳಲು ಇದ್ದದ್ದು ಹತ್ತೊಂಬತ್ತು ಮೆಟ್ಟಿಲು.

ಮುಂದಿನ ಶನಿವಾರವೂ ಬಂದರು. ಆ ದಿನ ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಕಾವಲುಗಾರ ಹೇಳಿ ಗೊತ್ತಾಯಿತು. ಮೂರನೇ ಶನಿವಾರ ಬರಲಿಲ್ಲ.

ಬೇರೆ ಮೇಸ್ತ್ರಿ ಹೊಸ ಪ್ಯಾಟ್ರನ್ ಮಾಡಿದ. ಬ್ರಾಕೆಟ್ ಇನ್ನೂ ಐದು ತಿದ್ದುಪಡಿಗಳನ್ನು ದಾಟಿ ಒಪ್ಪಿಗೆಯಾಯಿತು. ಅರವತ್ತು ಜನರ ಕೆಲಸ ಉಳಿಯಿತು, ಅದು ನಿಜ. ಐದಾರು ವರ್ಷ ಲಾರಿಗಳು ಹೋದವು. ಆ ಕಾರಿನ ಮುಂದಿನ ತಲೆಮಾರಿಗೆ ಡ್ರಾಯಿಂಗುಗಳು ಕಂಪ್ಯೂಟರಿಗೇ ಬಂದವು. ಪರದೆಯ ಮೇಲೆ ವಸ್ತುವನ್ನು ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ಯಾರ ಎಡ ಎಂದು ಯಾರೂ ಕೇಳಬೇಕಿಲ್ಲ. ಮೂವರು ಟ್ರೇಸರುಗಳಿಗೂ ಒಂದೇ ದಿನ ನಿವೃತ್ತಿಯ ಕಾಗದ ಕೊಟ್ಟರು. ಆ ದಿನದ ಬಗ್ಗೆ ನನಗೆ ಅಂಥ ದುಃಖವಿಲ್ಲ.

ಅದಕ್ಕೂ ಎಷ್ಟೋ ಮುಂಚೆ, ನಮ್ಮ ಬ್ರಾಕೆಟ್ಟಿನ ಕಾರು ಬಿಡುಗಡೆಯಾದಾಗ ಮೊರಿಯವರು ಒಂದು ಬಣ್ಣದ ಪುಸ್ತಿಕೆ ಕಳಿಸಿದ್ದರು. ಮೇಸ್ತ್ರಿಯನ್ನು ಮನೆಗೆ ಕಳಿಸಿ ಆಗ ಹೆಚ್ಚುಕಮ್ಮಿ ಎರಡು ವರ್ಷವಾಗಿತ್ತು. ಷಡಕ್ಷರಪ್ಪನವರನ್ನು ಕೇಳಿ ಅದನ್ನು ತೆಗೆದುಕೊಂಡು ಮತ್ತೆ ನ್ಯೂ ಟೌನಿಗೆ ಹೋದೆ. ಮೇಸ್ತ್ರಿ ಇಳಿದುಹೋಗಿದ್ದರು. ಆಪರೇಷನ್ ಆಗಿತ್ತು, ಎರಡೂ ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ಕನಕಮ್ಮ ಹೇಳಿದರು. ಆದರೆ ಉಳಿ ಹಿಡಿದಿರಲಿಲ್ಲ. ಎರಡು ವರ್ಷದಲ್ಲಿ ಒಂದು ಮಣೆಯನ್ನೂ ಮಾಡಿರಲಿಲ್ಲ.

ಪುಸ್ತಿಕೆ ಬಿಚ್ಚಿ ಕೊಟ್ಟೆ. ಬೆಳ್ಳಿ ಬಣ್ಣದ ಚಿಕ್ಕ ಕಾರು, ಒಳಗೆ ಜೇನಿನ ಬಣ್ಣದ ಸೀಟು. ಅವರು ಪುಟವನ್ನು ಹೆಬ್ಬೆರಳಿನಿಂದ ಸವರಿದರು.

"ಚೆನ್ನಾಗಿದಾನೆ ಅಳಿಯ. ಇದ್ರಲ್ಲಿ ನಮ್ದೆಲ್ಲಿದೆ?"

"ಕಾಣಲ್ಲ ಮೇಸ್ತ್ರಿ. ಎಂಜಿನ್ ಕೆಳಗೆ ಇರತ್ತೆ."

"ಸರಿ ಬಿಡು."

ಪುಸ್ತಿಕೆ ಮಡಿಸಿ ನನ್ನ ಕೈಗೇ ಕೊಟ್ಟರು. ಈಗ ಬಂದು ಹೇಳ್ತೀನಿ ಮೇಸ್ತ್ರಿ, ಈ ಶನಿವಾರವೇ ಹೇಳ್ತೀನಿ ಎಂದೆ. ಅವರು ಮಾತು ಬದಲಿಸಿದರು. ಕಾಫಿ ಕುಡಿಯುವ ತನಕ ಮಗನ ಪಾಳಿಯ ವಿಷಯ, ಮೊಮ್ಮಗಳ ಕೆಮ್ಮಿನ ವಿಷಯ ಮಾತಾಡಿದರು. ಹೊರಟಾಗ ಬಾಗಿಲ ತನಕ ಬಂದು, ನಾನು ಚಪ್ಪಲಿ ಹಾಕಿಕೊಳ್ಳುವವರೆಗೆ ಚೌಕಟ್ಟು ಹಿಡಿದು ನಿಂತರು.

"ಶೈಲಮ್ಮ, ಇನ್ಮೇಲೆ ಬರ್ಬೇಡ. ಕೋಪ ಅಲ್ಲ. ನೀನು ಬಂದು ಹೋದ್ರೆ ನಾನು ಮತ್ತೆ ಶನಿವಾರ ಕಾಯಕ್ಕೆ ಶುರು ಮಾಡ್ತೀನಿ."